ಬೆಲೆ ಕಟ್ಟುವವರಾರು?

ತಕ್ಕಡಿ ಹಿಡಿದವನು ಪ್ರಾಮಾಣಿಕನಾದ ಮಾತ್ರಕ್ಕೆ ತೂಕವು ನ್ಯಾಯವಾಗಲಾರದು. ತಟ್ಟೆಯಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ನಿಷ್ಕರ್ಷಿಸಿದವರಾರು ಎಂಬುದನ್ನೂ ವಿಚಾರಿಸಬೇಕಾಗುತ್ತದೆ. ಬೆಂಗಳೂರಿನ ಮೆಟ್ರೋ ರೈಲಿನ ದರವು ಇದಕ್ಕೆ ತಕ್ಕ ನಿದರ್ಶನ.

2015ರ ನವೆಂಬರಿನಲ್ಲಿ ಅತ್ತಿಗುಪ್ಪೆಗೆ ಮೆಟ್ರೋ ಬಂದಿತು. 2023ರ ಅಕ್ಟೋಬರಿನಲ್ಲಿ ಆ ಮಾರ್ಗವು ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಅಖಂಡವಾಗಿ ತೆರೆದು, ಪಡುವಣ ಬಡಾವಣೆಗಳವರಿಗೆ ಮೂಡಣ ದಿಕ್ಕಿನ ಉದ್ಯೋಗಗಳು ಕೈಗೆಟುಕುವಂತಾದವು. 2025ರ ಫೆಬ್ರವರಿ 9ರಂದು ದರವೇರಿತು. ಪರಮಾವಧಿ ದರವು 60 ರೂಪಾಯಿಯಿಂದ 90ಕ್ಕೆ ಹೋಯಿತು. ಜನರು ಪ್ರತಿಭಟಿಸಿದ ಮೇಲೆ ಕೆಲವು ಹಂತಗಳ ಏರಿಕೆಯನ್ನು ತಗ್ಗಿಸಿದರು. 90 ಮಾತ್ರ 90 ಆಗಿಯೇ ಉಳಿಯಿತು. ಕಾರ್ಡಿನ ಅಲ್ಪ ರಿಯಾಯಿತಿಯನ್ನು ಬಿಟ್ಟರೆ, ಅಷ್ಟು ದೂರ ದಿನವೂ ಹೋಗಿಬರುವವರಿಗೆ ತಿಂಗಳ 26 ದಿನಗಳಲ್ಲಿ 1,560 ರೂಪಾಯಿ ಹೊಸ ಹೊರೆ. ಉಳ್ಳವರಿಗೆ ಇದು ಲೆಕ್ಕಕ್ಕಿಲ್ಲ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವವಳಿಗೆ ಇದು ಮನೆಯ ಅಕ್ಕಿಬೇಳೆ.

ಈ ದರವನ್ನು ಗೊತ್ತುಮಾಡಿದ್ದು ಮೂವರ ಸಮಿತಿ. 2002ರ ಮೆಟ್ರೋ ರೈಲ್ವೆ ಕಾಯಿದೆಯಂತೆ ಅದರ ಅಧ್ಯಕ್ಷರು ಉಚ್ಚ ನ್ಯಾಯಾಲಯದ ಹಾಲಿ ಅಥವಾ ಮಾಜಿ ನ್ಯಾಯಾಧೀಶರು. ಉಳಿದಿಬ್ಬರು ಕೇಂದ್ರ ರಾಜ್ಯ ಸರ್ಕಾರಗಳು ನೇಮಿಸುವ ಉನ್ನತ ಪದವಿಯ ಅಧಿಕಾರಿಗಳು. ಅವರ ಶಿಫಾರಸು ಹೆಸರಿಗೆ ಮಾತ್ರ ಶಿಫಾರಸು. ಮೆಟ್ರೋ ಆಡಳಿತವು ಅದಕ್ಕೆ ಬದ್ಧ. ಟಿಕೇಟು ಕೊಳ್ಳುವವನಿಗೆ ಅಲ್ಲಿ ಪೀಠವಿಲ್ಲ. ಅವನು ಅಭಿಪ್ರಾಯ ಬರೆದು ಕಳುಹಿಸಬಹುದು, ಅಷ್ಟೆ. ದರವು ಫೆಬ್ರವರಿಯಲ್ಲಿ ಏರಿತು. ವರದಿಯು ಸೆಪ್ಟೆಂಬರಿನವರೆಗೆ ಬೆಳಕು ಕಾಣಲಿಲ್ಲ.

ಸಾಲ ತೀರಿಸಬೇಕು, ವಿದ್ಯುತ್ತಿಗೆ ಹಣ ತೆರಬೇಕು ಎಂಬ ವಾದವನ್ನು ಅಲ್ಲಗಳೆಯುವಂತಿಲ್ಲ. ಸಮಿತಿಯವರ ಸದ್ಭಾವವನ್ನು ಶಂಕಿಸಬೇಕಾದುದೂ ಇಲ್ಲ. ಆದರೆ ತಿಂಗಳ ವೇತನ, ಆಮೇಲೆ ನಿವೃತ್ತಿವೇತನ ಎಂಬ ನೆರಳಿನಲ್ಲಿ ಬಾಳಿದವರಿಗೆ ನಷ್ಟವೆಂದರೆ ಸಂಸ್ಥೆಯ ಖಾತೆಯ ನಷ್ಟವೇ ಮೊದಲು ಕಾಣುವುದು ಸಹಜ. ರೈಲನ್ನು ಬಿಟ್ಟು ಎರಡು ಬಸ್ಸು ಬದಲಾಯಿಸುವವಳು ಕಳೆದುಕೊಂಡ ಹೊತ್ತಿಗೆ ಆ ಖಾತೆಯಲ್ಲಿ ಕಲಮೇ ಇಲ್ಲ. ಇದು ವ್ಯಕ್ತಿಗಳ ದೋಷವಲ್ಲ, ವರ್ಗದೃಷ್ಟಿಯ ದೋಷ.

ಅಳತೆಯೇನೂ ವಿಧಿಲಿಖಿತವಲ್ಲ. 2023ರ ಜೂನ್ 11ರಂದು ರಾಜ್ಯ ಸರ್ಕಾರವು ಶಕ್ತಿ ಯೋಜನೆಯ ಮೂಲಕ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವನ್ನಿತ್ತಾಗ, ಟಿಕೇಟಿನ ಆದಾಯವನ್ನು ಬದಿಗಿಟ್ಟು ಸಂಚಾರದಿಂದ ತೆರೆಯುವ ಬಾಳನ್ನೇ ಅಳತೆಯಾಗಿ ಹಿಡಿಯಿತು. ಕಂಬದ ಮೇಲಿನ ರೈಲಿಗೊಂದು ನ್ಯಾಯ, ಕಂಬದ ಕೆಳಗಿನ ಬಸ್ಸಿಗೊಂದು ನ್ಯಾಯವೇಕೆ?

ಕಾಯಿದೆಯನ್ನು ತಿದ್ದಿ, ದುಡಿಯುವ ಪ್ರಯಾಣಿಕರ ಪ್ರತಿನಿಧಿಗಳಿಗೆ ಸಮಿತಿಯಲ್ಲಿ ಮತಾಧಿಕಾರವುಳ್ಳ ಸ್ಥಾನವನ್ನು ಕೊಡಬೇಕು. ದರವೇರುವುದಕ್ಕೆ ಮೊದಲೇ ವರದಿಯನ್ನು ಪ್ರಕಟಿಸಬೇಕು. ಹೊರುವವನನ್ನು ಕೇಳದೆ ಹೊರೆಯನ್ನು ಗೊತ್ತುಮಾಡುವ ಆರ್ಥಿಕ ವ್ಯವಸ್ಥೆಯು ಎಷ್ಟೇ ನಿಷ್ಪಕ್ಷಪಾತದ ವೇಷವನ್ನು ಧರಿಸಿದರೂ ಉಳ್ಳವರ ವ್ಯವಸ್ಥೆಯೇ ಸರಿ.