ಬಾಳೆ ಎಲೆ ಪಠ್ಯಪುಸ್ತಕ ಓದಿಲ್ಲ

ಪ್ರಥಮ ಪಿಯುಸಿಯ ಜೀವವಿಜ್ಞಾನದಲ್ಲಿ ಬಾಯಿಪಾಠ ಮಾಡಿದವರಿಗೆ ಅಂಕ ತಪ್ಪದ ಪ್ರಶ್ನೆಯೊಂದಿದೆ: ದ್ವಿದಳ ಎಲೆಗೂ ಏಕದಳ ಎಲೆಗೂ ಇರುವ ಒಳರಚನೆಯ ವ್ಯತ್ಯಾಸ ಬರೆಯಿರಿ. ಹಾಳೆಯ ನಡುವೆ ಗೆರೆ ಎಳೆದು ಎರಡೂ ಕಡೆ ತುಂಬಿದರೆ ಮುಗಿಯಿತು. ದ್ವಿದಳದಲ್ಲಿ ಪತ್ರರಂಧ್ರಗಳು ಕೆಳಮೈಯಲ್ಲಿ ಹೆಚ್ಚು, ಏಕದಳದಲ್ಲಿ ಎರಡೂ ಮೈಯಲ್ಲಿ ಸುಮಾರಾಗಿ ಸಮ. ದ್ವಿದಳದ ಎಲೆಯ ತಿರುಳಿನಲ್ಲಿ ಮೇಲೆ ಒತ್ತಾಗಿ ನಿಂತ ಉದ್ದನೆಯ ಕೋಶಗಳು, ಕೆಳಗೆ ಸಡಿಲ ಕೋಶಗಳು. ಏಕದಳದಲ್ಲಿ ಆ ಭೇದವಿಲ್ಲ. ದ್ವಿದಳದಲ್ಲಿ ಬಲೆಯಂತೆ ಹೆಣೆದ ನರಗಳು, ಏಕದಳದಲ್ಲಿ ಸಮಾಂತರ ನರಗಳು.

ಉತ್ತರ ಸರಿಯೇ. ಎಲೆ ಮೆಕ್ಕೆಜೋಳದ್ದಾಗಿದ್ದರೆ.

ಊಟಕ್ಕೆ ಹಾಸುವ ಬಾಳೆ ಎಲೆಯೂ ಏಕದಳದ್ದೇ. ಅದರ ಒಂದು ಚೂರನ್ನು ಬ್ಲೇಡಿನಿಂದ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಮೇಲುಭಾಗದಲ್ಲಿ ಒತ್ತೊತ್ತಾಗಿ ನಿಂತ ಉದ್ದ ಕೋಶಗಳ ಸಾಲು ಎದ್ದು ಕಾಣುತ್ತದೆ, ಪತ್ರರಂಧ್ರಗಳು ಕೆಳಮೈಯಲ್ಲೇ ಹೆಚ್ಚಿರುತ್ತವೆ. ಅಂದರೆ ಕೋಷ್ಟಕದ ಪ್ರಕಾರ ಬಾಳೆ ದ್ವಿದಳ ಸಸ್ಯವಾಗಬೇಕು! ಪತ್ರೊಡೆ ಮಾಡುವ ಕೆಸುವಿನದೂ ಇದೇ ಕಥೆ. ಅದೂ ಏಕದಳ ಸಸ್ಯ, ಆದರೆ ಅದರ ನರಗಳು ಕವಲೊಡೆದು ಬಲೆ ಕಟ್ಟುತ್ತವೆ. ಅದರ ಕೋಶಗಳೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳ ಕಟ್ಟುಗಳಿವೆ. ಗಂಟಲು ತುರಿಸುವುದು ಇವುಗಳಿಂದಲೇ. ಪತ್ರೊಡೆಯ ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಬೀಳುವುದೂ ಈ ತುರಿಕೆಗೆ ಹೆದರಿಯೇ. ಕರಾವಳಿಯ ಅಡುಗೆಮನೆಗಳಿಗೆ ಗೊತ್ತಿರುವ ಈ ಅಂಗರಚನೆ ಪರೀಕ್ಷೆಯ ಕೋಷ್ಟಕದೊಳಗೆ ಬಂದಿಲ್ಲ.

ಪಠ್ಯಪುಸ್ತಕ ಸುಳ್ಳು ಹೇಳುತ್ತಿದೆ ಎಂದಲ್ಲ. ಅದು ಹುಲ್ಲಿನ ಕುಟುಂಬದ ಎಲೆಯೊಂದನ್ನು ಆರಿಸಿಕೊಂಡು ಇಡೀ ಏಕದಳ ವರ್ಗದ ಪ್ರತಿನಿಧಿಯಾಗಿ ಕೂರಿಸಿದೆ. ಹೋಗಲಿ, ಕಲಿಕೆಯ ಮೊದಲ ಮೆಟ್ಟಿಲಿಗೆ ಒಂದು ಮಾದರಿ ಬೇಕೇ ಬೇಕು ಎಂದು ಒಪ್ಪಿಕೊಳ್ಳೋಣ. ಆದರೆ ಆ ಹುಲ್ಲಿನ ಕುಟುಂಬದೊಳಗೇ ಇರುವ ಬಲು ದೊಡ್ಡ ಭೇದವೊಂದು, ಕರ್ನಾಟಕದ ರೈತನಿಗೂ ಉಣ್ಣುವವನಿಗೂ ನೇರವಾಗಿ ಸಂಬಂಧಪಟ್ಟದ್ದು, ಈ ಕೋಷ್ಟಕದಲ್ಲಿ ಅಳಿಸಿಹೋಗುತ್ತದೆ. ಇಲ್ಲಿ ಭತ್ತ ಮತ್ತು ರಾಗಿ ಒಂದೇ ಕಾಲಮ್ಮಿನಲ್ಲಿ ಕೂತಿವೆ.

ಎರಡರ ಎಲೆಯನ್ನೂ ಅಡ್ಡಕ್ಕೆ ಕೊಯ್ದು ನೋಡಬೇಕು. ಭತ್ತದ ಎಲೆಯಲ್ಲಿ ನರಗಳನ್ನು ಸುತ್ತುವರಿದ ಹೊದಿಕೆ ಕೋಶಗಳು ಬಿಳಿಚಿಕೊಂಡಿರುತ್ತವೆ, ಹಸಿರೆಲ್ಲ ನರ ನರಗಳ ನಡುವಿನ ತಿರುಳಿನಲ್ಲಿ. ರಾಗಿಯಲ್ಲಿ ಪ್ರತಿ ನರದ ಸುತ್ತಲೂ ದಪ್ಪ ಕೋಶಗಳ ಉಂಗುರ, ಅದರ ತುಂಬ ಗಾಢ ಹಸಿರಿನ ಕ್ಲೋರೋಪ್ಲಾಸ್ಟುಗಳು, ಆ ಉಂಗುರದ ಹೊರಗೆ ತಿರುಳಿನ ಕೋಶಗಳ ಇನ್ನೊಂದು ಸುತ್ತು. ನರಗಳೂ ಒಂದಕ್ಕೊಂದು ತೀರ ಹತ್ತಿರ. ಜೋಳ, ಸಜ್ಜೆ, ನವಣೆ, ಸಾಮೆ, ಮೆಕ್ಕೆಜೋಳ, ಕಬ್ಬು, ಕೊನೆಗೆ ಗಣಪತಿಗೆ ಏರಿಸುವ ಗರಿಕೆ, ಎಲ್ಲದರಲ್ಲೂ ಈ ಉಂಗುರವಿದೆ.

ಹಸಿರು ಉಂಗುರವನ್ನು ಗಮನಿಸಿ ಅದಕ್ಕೆ ಮಾಲೆ ಎಂಬರ್ಥದ ಜರ್ಮನ್ ಹೆಸರು ‘ಕ್ರಾಂಜ್’ ಎಂದು ಕೊಟ್ಟವನು 1880ರ ದಶಕದಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಾಟ್ಲೀಬ್ ಹಾಬರ್‌ಲಾಂಟ್. ಉಂಗುರ ಯಾಕಿದೆ ಎಂಬುದು ತಿಳಿಯಲು ಮತ್ತೆ ಎಂಟು ದಶಕ ಬೇಕಾಯಿತು. ಅದು ತಿಳಿದದ್ದು ಕಬ್ಬಿನಿಂದ. 1965ರಲ್ಲಿ ಹವಾಯಿಯ ಸಕ್ಕರೆ ಸಂಶೋಧಕರು, 1966ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್, ವಿಕಿರಣಶೀಲ ಇಂಗಾಲವನ್ನು ಎಲೆಗೆ ಕೊಟ್ಟು ಅದು ಎಲ್ಲಿಗೆ ಹೋಗುತ್ತದೆ ಎಂದು ಬೆನ್ನುಹತ್ತಿದರು. ಮೊದಲು ಸಿಗಬೇಕಾಗಿದ್ದದ್ದು ಮೂರು ಇಂಗಾಲದ ಸಂಯುಕ್ತ. ಸಿಕ್ಕಿದ್ದು ನಾಲ್ಕು ಇಂಗಾಲದ ಆಮ್ಲ. ಸಿ3, ಸಿ4 ಎಂಬ ಹೆಸರುಗಳು ಹುಟ್ಟಿದ್ದು ಹೀಗೆ.

ಗುಟ್ಟು ಇಷ್ಟು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯ ದಾರಿಗೆ ಹಚ್ಚುವ ರುಬಿಸ್ಕೋ ಎಂಬ ಕಿಣ್ವಕ್ಕೆ ಒಂದು ದೌರ್ಬಲ್ಯವಿದೆ. ಆಗಾಗ ಅದು ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನೇ ಹಿಡಿದುಬಿಡುತ್ತದೆ, ಆಗ ಗಳಿಸಿದ ಇಂಗಾಲದಲ್ಲಿ ಒಂದಷ್ಟು ಸೋರಿಹೋಗುತ್ತದೆ. ಬಿಸಿಲು ಏರಿದಷ್ಟೂ ಈ ಸೋರಿಕೆ ಹೆಚ್ಚು. ಭತ್ತ, ಗೋಧಿ ಅದನ್ನು ಸಹಿಸಿಕೊಂಡಿವೆ. ರಾಗಿ ಕೆಲಸವನ್ನು ಎರಡು ಮಾಡಿದೆ: ಆಮ್ಲಜನಕಕ್ಕೆ ಮೋಸಹೋಗದ ಬೇರೆ ಕಿಣ್ವವೊಂದು ಹೊರಸುತ್ತಿನ ಕೋಶಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿದು ಆಮ್ಲದ ರೂಪದಲ್ಲಿ ಒಳಗಿನ ಉಂಗುರಕ್ಕೆ ದಾಟಿಸುತ್ತದೆ, ಅಲ್ಲಿ ಅದು ಮತ್ತೆ ಬಿಡುಗಡೆಯಾಗಿ ದಟ್ಟವಾಗಿ ತುಂಬಿಕೊಂಡಾಗ ರುಬಿಸ್ಕೋ ತಪ್ಪುವ ಸಂದರ್ಭವೇ ಕಡಿಮೆ. ಪತ್ರರಂಧ್ರಗಳನ್ನು ಅರೆಬರೆ ಮುಚ್ಚಿಕೊಂಡೂ ಕೆಲಸ ನಡೆಯುವುದರಿಂದ ನೀರು ಉಳಿಯುತ್ತದೆ. ಒಂದು ಗ್ರಾಂ ಒಣಪದಾರ್ಥ ಕಟ್ಟಲು ಸಿ3 ಸಸ್ಯ ಸಾಮಾನ್ಯವಾಗಿ 450ರಿಂದ 950 ಗ್ರಾಂ ನೀರನ್ನು ಆವಿಯಾಗಿಸಿದರೆ, ಸಿ4 ಸಸ್ಯಕ್ಕೆ 250ರಿಂದ 350 ಗ್ರಾಂ ಸಾಕು.

ಹೂಬಿಡುವ ಸಸ್ಯ ಪ್ರಭೇದಗಳಲ್ಲಿ ಸಿ4 ದಾರಿ ಹಿಡಿದವು ನೂರಕ್ಕೆ ಮೂರರಷ್ಟು. ನೆಲದ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಅವುಗಳ ಪಾಲು ಹೆಚ್ಚುಕಡಿಮೆ ಕಾಲುಭಾಗ. ಈ ಉಂಗುರವನ್ನು ಭತ್ತದ ಎಲೆಯೊಳಗೆ ಕೂರಿಸುವ ಅಂತರರಾಷ್ಟ್ರೀಯ ಯೋಜನೆಯೊಂದು 2008ರಲ್ಲಿ ಫಿಲಿಪೀನ್ಸಿನ ಅಕ್ಕಿ ಸಂಶೋಧನಾ ಸಂಸ್ಥೆಯಲ್ಲಿ ಶುರುವಾಗಿ ಆಕ್ಸ್‌ಫರ್ಡ್‌ವರೆಗೂ ಬೆಳೆಯಿತು. 2017ರಲ್ಲಿ ಮೆಕ್ಕೆಜೋಳದ ವಂಶವಾಹಿ ಸೇರಿಸಿ ಭತ್ತದ ಹೊದಿಕೆ ಕೋಶಗಳಲ್ಲಿ ಕ್ಲೋರೋಪ್ಲಾಸ್ಟು ಬಲಿಯುವಂತೆ ಮಾಡಿದ್ದು ಒಂದು ಮೊದಲ ಹೆಜ್ಜೆ. ಕೋಲಾರದ ಹೊಲದಲ್ಲಿ ರಾಗಿ ಈ ಕೆಲಸವನ್ನೆಲ್ಲ ಮುಗಿಸಿಕೊಂಡೇ ಹುಟ್ಟುತ್ತದೆ.

ಇಷ್ಟು ಹೇಳಿದ ಮೇಲೆ ಸಿರಿಧಾನ್ಯ ಮೇಳದ ವೇದಿಕೆ ಹತ್ತಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ಅಂಥ ಭಾಷಣಗಳಿಗೆ ಬರವಿರಲಿಲ್ಲ. ಆದರೆ ಎಲೆಯ ಒಳಗನ್ನು ಬಲ್ಲವರು ಕೊಂಚ ತಡೆದು ಮಾತಾಡುತ್ತಾರೆ. ಕಬ್ಬೂ ಸಿ4. ಪ್ರತಿ ಗ್ರಾಮಿನ ಲೆಕ್ಕದಲ್ಲಿ ಅದು ಮಿತವ್ಯಯಿಯೇ, ಆದರೂ ವರ್ಷಪೂರ್ತಿ ಹೊಲದಲ್ಲಿ ನಿಂತು ಅಷ್ಟೊಂದು ಕಾಂಡ ಕಟ್ಟುವ ಬೆಳೆಗೆ ಒಟ್ಟು ನೀರು ವಿಪರೀತ ಬೇಕು. ರಾಗಿಯ ತಾಳಿಕೆಯಲ್ಲಿ ಅದರ ಬೇರಿಗೂ ಅಲ್ಪಾವಧಿಗೂ ಪಾಲಿದೆ. ಮೋಡ ಮುಸುಕಿದ, ತಣ್ಣಗಿನ ಮಲೆನಾಡ ಮಳೆಗಾಲದಲ್ಲಿ ಸಿ4ಗೆ ಹೇಳಿಕೊಳ್ಳುವಂಥ ಲಾಭವೂ ಇಲ್ಲ, ಅಲ್ಲಿ ಭತ್ತವೇ ಸರಿ. ಯಾವ ಬೆಳೆಗೆ ಬೆಂಬಲ ಬೆಲೆ, ಯಾವ ಕಾಲುವೆಯಡಿ ಏನು ಬಿತ್ತಬೇಕು ಎಂಬ ಜಗಳಗಳು ಈ ನಾಡಿನಲ್ಲಿ ಮುಗಿಯುವುದಿಲ್ಲ. ಅವನ್ನು ಆಡುವವರಿಗೆ ಇಷ್ಟು ತಿಳಿವಳಿಕೆ ಹೈಸ್ಕೂಲು, ಕಾಲೇಜಿನಲ್ಲೇ ಸಿಕ್ಕಿರಬೇಕಿತ್ತು.

ಸಿಕ್ಕಿಲ್ಲ, ಯಾಕೆಂದರೆ ಎಲೆಯನ್ನು ಕಲಿಸುವುದು ಚಿತ್ರವಾಗಿ. ‘ಬುಲಿಫಾರ್ಮ್ ಕೋಶ’ ಎಂದು ಬಾಣ ಹಾಕಿ ಬರೆದ ವಿಜಯಪುರದ ಹುಡುಗಿ, ಬಿರುಬಿಸಿಲಿಗೆ ತಮ್ಮ ಹೊಲದ ಜೋಳದ ಎಲೆಗಳು ಸುರುಳಿ ಸುತ್ತುವುದನ್ನು ಚಿಕ್ಕಂದಿನಿಂದ ಕಂಡಿರುತ್ತಾಳೆ. ಎಲೆಯ ಮೇಲ್ಮೈಯ ಆ ದೊಡ್ಡ ಕೋಶಗಳು ನೀರು ಕಳೆದುಕೊಂಡು ಕುಗ್ಗುವುದು ಎಲೆ ಸುತ್ತಿಕೊಳ್ಳಲು ನೆರವಾಗುತ್ತದೆ. ಅವಳ ಅಪ್ಪ ಆ ಸುರುಳಿ ನೋಡಿಯೇ ನೆಲದ ಹಸಿ ಎಷ್ಟಿದೆ ಎಂದು ಅಂದಾಜು ಮಾಡುತ್ತಾನೆ. ಬಾಣದ ತುದಿಯಲ್ಲಿರುವುದೂ ಹೊಲದಲ್ಲಿರುವುದೂ ಒಂದೇ ಎಂದು ಅವಳಿಗೆ ಯಾರೂ ಹೇಳುವುದಿಲ್ಲ.

ಇದಕ್ಕೆ ಹೊಸ ಪಠ್ಯಕ್ರಮ ಸಮಿತಿ ಬೇಡ. ಒಂದು ಬ್ಲೇಡು, ಎಲೆಚೂರನ್ನು ಹಿಡಿದಿಡಲು ಸೀಳಿದ ಕ್ಯಾರೆಟ್ ತುಂಡು, ಒಂದು ಹನಿ ನೀರು, ಕಾಲೇಜಿನಲ್ಲಿ ಈಗಾಗಲೇ ಇರುವ ಸೂಕ್ಷ್ಮದರ್ಶಕ. ಹಸಿರು ಉಂಗುರ ಬಣ್ಣ ಹಾಕದೆಯೂ ಕಾಣುತ್ತದೆ. ಮಂಡ್ಯದಂಥ ಜಿಲ್ಲೆಯಲ್ಲಿ ಭತ್ತ, ರಾಗಿ, ಕಬ್ಬು ಮೂರೂ ಕಾಲೇಜಿನ ಕಾಂಪೌಂಡು ದಾಟಿದರೆ ಸಿಗುತ್ತವೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಹೆಸರು ಹೇಳದೆ ಎರಡು ಹಸಿ ಎಲೆ ಕೊಡಲಿ. ಕೊಯ್ದು ನೋಡಿ ಯಾವುದು ಭತ್ತ, ಯಾವುದು ರಾಗಿ ಎಂದು ಗುರುತಿಸಿ, ಯಾಕೆ ಎಂದು ನಾಲ್ಕು ಸಾಲು ಬರೆಯಲಿ. ಕೋಷ್ಟಕಕ್ಕೆ ಮೀಸಲಿಟ್ಟ ಅಂಕಗಳನ್ನು ಆ ನಾಲ್ಕು ಸಾಲಿಗೆ ವರ್ಗಾಯಿಸಿದರಾಯಿತು.