ಓಟದ ಪ್ರಾಣಿಗೆ ಮದ್ದು: ಕಣ್ಣಿಗೆ ಕಾಣದ ಹಿಂಸೆ

ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದ ಮಾಲತೇಶ ಕುದುರೆ ಏರಿದ ದೇವರು. ನವರಾತ್ರಿಯ ವೇಳೆ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕ ಕೇಳಲು ಅಲ್ಲಿ ಸಾವಿರಾರು ಜನ ಸೇರುತ್ತಾರೆ. ದೀಪಾವಳಿ ಬಂತೆಂದರೆ ಅದೇ ಸೀಮೆಯ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಊರುಗಳಲ್ಲಿ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವೆ ನುಗ್ಗಿ ಓಡಬೇಕು. ಯುವಕರು ಆ ಕೊಬ್ಬರಿ ಕೀಳಬೇಕು. ಹುರುಳಿ, ಹತ್ತಿಕಾಳು, ಹಿಂಡಿ ತಿನ್ನಿಸಿ ಮನೆಮಗನಂತೆ ಸಾಕಿದ ಪ್ರಾಣಿ ಅದು. ಆದರೂ ಸ್ಪರ್ಧೆಯ ಹೆಸರು ‘ಹೋರಿ ಬೆದರಿಸುವುದು’.

ನಮ್ಮ ಕರಾವಳಿಯ ಕಂಬಳಕ್ಕೂ ಘಟ್ಟದ ಮೇಲಿನ ಹೋರಿ ಓಟಕ್ಕೂ ರಕ್ಷಣೆ ಕೊಟ್ಟದ್ದು ಒಂದೇ ಕಾನೂನು, ಕರ್ನಾಟಕದ 2017ರ ತಿದ್ದುಪಡಿ. ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2023ರ ಮೇ 18ರಂದು ಅದನ್ನು ಎತ್ತಿಹಿಡಿಯಿತು. ಆದರೆ ಅದರಲ್ಲಿ ಷರತ್ತೊಂದಿದೆ: ಪ್ರಾಣಿಗೆ ಅನಗತ್ಯ ನೋವು ಕೊಡಬಾರದು. ನೋವನ್ನೇ ಮದ್ದಿನಿಂದ ಅಡಗಿಸಿದರೆ ಆಗೇನು? ಇದು ಕಲ್ಪನೆಯ ಪ್ರಶ್ನೆಯಲ್ಲ. ತಮಿಳುನಾಡಿನ ಜಲ್ಲಿಕಟ್ಟಿನಲ್ಲಿ ಹೋರಿಗಳಿಗೆ ಬಲವಂತವಾಗಿ ಮದ್ಯ ಕುಡಿಸಿದ ವರದಿ ಅದೇ ನ್ಯಾಯಾಲಯದ 2014ರ ತೀರ್ಪಿನಲ್ಲಿ ದಾಖಲಾಗಿದೆ.

ಮದ್ದಿನ ವಿಷಯದಲ್ಲಿ ಹೆಚ್ಚು ಅನುಭವವಿರುವುದು ಕುದುರೆ ರೇಸಿಗೆ. 2017ರಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನಲ್ಲಿ ಗೆದ್ದ ‘ಕ್ವೀನ್ ಲತೀಫಾ’ ಎಂಬ ಕುದುರೆಯ ಮಾದರಿಯಲ್ಲಿ ಪ್ರೊಕೇನ್ ಕಂಡುಬಂದು, ಪ್ರಕರಣ ಸಿಐಡಿವರೆಗೆ ಹೋಯಿತು. ಪ್ರೊಕೇನ್ ಮರಗಟ್ಟಿಸುವ ಔಷಧ. ಉರಿಯೂತ ಇಳಿಸುವ ಫಿನೈಲ್‌ಬ್ಯುಟಜೋನ್‌ನಂಥ ಮದ್ದುಗಳೂ ಇವೆ. ಇವು ಕಾಯಿಲೆಗೆ ಒಳ್ಳೆಯವೇ. ಓಟದ ದಿನ ಕೊಟ್ಟರೆ ಕಥೆ ಬೇರೆ. ಮೂಳೆಯಲ್ಲಿ ಸಣ್ಣ ಬಿರುಕಿರುವ ಕುದುರೆ ನೋವಿದ್ದರೆ ಕುಂಟುತ್ತದೆ, ಯಜಮಾನ ನಿಲ್ಲಿಸುತ್ತಾನೆ. ನೋವು ತಿಳಿಯದಿದ್ದರೆ ಅದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಓಡುತ್ತದೆ, ಮೂಳೆ ಮುರಿಯುತ್ತದೆ. ಮೇಲಿದ್ದ ಸವಾರನ ಜೀವಕ್ಕೂ ಅಪಾಯ. ಅಮೆರಿಕದ ಸಾಂತಾ ಅನಿತಾ ಮೈದಾನದಲ್ಲಿ 2018ರ ಡಿಸೆಂಬರಿನಿಂದ 2019ರ ಜೂನ್‌ವರೆಗೆ 30 ಕುದುರೆಗಳು ಸತ್ತವು. ಮಳೆ, ಮಣ್ಣು, ಮದ್ದು ಎಲ್ಲದರ ಮೇಲೂ ಚರ್ಚೆಯಾಯಿತು. 2020ರಲ್ಲಿ ಅಲ್ಲಿ ರಾಷ್ಟ್ರೀಯ ಕಾನೂನು ಬಂತು. ಒಂದೇ ಬಗೆಯ ಮದ್ದು ನಿಯಂತ್ರಣ ಜಾರಿಯಾದದ್ದು 2023ರ ಮೇ ತಿಂಗಳಲ್ಲಿ.

ಸಂಖ್ಯಾಕಾಂಡದಲ್ಲಿ ಬಿಳಾಮನ ಕತ್ತೆ ಮೂರು ಬಾರಿ ಪೆಟ್ಟು ತಿಂದ ಮೇಲೆ ಬಾಯಿಬಿಟ್ಟು ಕೇಳಿತು. ನಮ್ಮ ಪಶುಗಳಿಗೆ ಕುಂಟುವುದೇ ಮಾತು. ಆ ಮಾತನ್ನೂ ಕಸಿದುಕೊಳ್ಳುವುದು ಚಾವಟಿ ಏಟಿಗಿಂತ ಸಣ್ಣ ತಪ್ಪೆಂದು ನನಗೆ ಅನಿಸುವುದಿಲ್ಲ. ಪಶುಗಳನ್ನು ಅನಗತ್ಯವಾಗಿ ನರಳಿಸುವುದು ಮಾನವ ಘನತೆಗೇ ವಿರುದ್ಧ ಎಂಬ ಧರ್ಮಸಭೆಯ ಬೋಧನೆಯನ್ನು ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲೂ ನೆನಪಿಸಿದ್ದರು.

ಪ್ರಾಣಿಗೆ ಹಾನಿಕರ ಔಷಧ ಕೊಡುವುದು 1960ರ ಕೇಂದ್ರ ಕಾಯ್ದೆಯಲ್ಲೇ ಅಪರಾಧ. ಆದರೆ ಮೊದಲ ತಪ್ಪಿಗೆ ಅದು ಇಟ್ಟ ದಂಡ 10ರಿಂದ 50 ರೂಪಾಯಿ! ಹೋರಿ ಓಟದ ಬಹುಮಾನದ ಬೈಕಿನ ಮುಂದೆ ಅದೆಷ್ಟರ ಲೆಕ್ಕ? ರೇಸ್ ಕುದುರೆಯ ಮೂತ್ರ, ರಕ್ತ ಪರೀಕ್ಷೆಯಾಗುತ್ತದೆ. ಹೋರಿ, ಕೋಣಗಳ ಚರ್ಚೆ ಮಾತ್ರ ಇನ್ನೂ ಚಾವಟಿಯ ಸುತ್ತಲೇ ಇದೆ. ಗೆದ್ದ ಪ್ರಾಣಿಯ ಮಾದರಿಯನ್ನು ಪಶುವೈದ್ಯರು ತೆಗೆದು ಪರೀಕ್ಷೆಗೆ ಕಳಿಸಲಿ, ಖರ್ಚು ಸಂಘಟಕರು ಭರಿಸಲಿ. ನಮ್ಮ ಧರ್ಮಕೇಂದ್ರಗಳಲ್ಲೂ ಕಂಬಳದ ಕೋಣ ಸಾಕಿದ ಮನೆಗಳಿವೆ. ಈ ಬೇಡಿಕೆಯನ್ನು ಕಂಬಳ ಸಮಿತಿಗಳ ಮುಂದೆ ಮೊದಲು ಇಡಬೇಕಾದವರು ಅವರೇ.