ಪಾತ್ರದ ಆಟ ಕಲಿಯಲು ಸಾವಿರ ಪುಟ ಓದಬೇಕೆ?

ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಗೆಲ್ಲುವುದೋ ಸೋಲುವುದೋ ಅನುಮಾನವಿದ್ದಾಗ ದಾಳ ಹಾಕುತ್ತಾರೆ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದರೆ ಇಷ್ಟೇ. ಇದರ ಬಗ್ಗೆ ಎರಡು ಮಾತುಗಳು ಚಾಲ್ತಿಯಲ್ಲಿವೆ. ಇಂಗ್ಲಿಷ್ ಚೆನ್ನಾಗಿ ಬರುವ ಪಟ್ಟಣದ ಮಕ್ಕಳಿಗಷ್ಟೇ ಇದು ತಿಳಿಯುತ್ತದೆ ಎನ್ನುವುದು ಒಂದು. ಮಕ್ಕಳ ತಲೆ ಕೆಡಿಸುತ್ತದೆ ಎನ್ನುವುದು ಇನ್ನೊಂದು. ಎರಡನ್ನೂ ನೋಡೋಣ.

ಮೊದಲ ಮಾತಿಗೆ ಕಾರಣ ಆಟವಲ್ಲ, ಪುಸ್ತಕ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಹೊರತಂದಾಗ, ಡಬ್ಬಿಯಲ್ಲಿ ಮೂರು ಸಣ್ಣ ಪುಸ್ತಕಗಳಿದ್ದವು. ಓದುವವರಿಗೆ ಯುದ್ಧದ ಆಟಗಳು ಮೊದಲೇ ಗೊತ್ತು ಎಂದುಕೊಂಡು ಬರೆದ ಪುಸ್ತಕಗಳವು. ಹೊಸಬರು ತಡವರಿಸಿದರು. ಆಗ ನರವಿಜ್ಞಾನದ ಪ್ರಾಧ್ಯಾಪಕ ಜಾನ್ ಎರಿಕ್ ಹೋಮ್ಸ್ ತಾವಾಗಿಯೇ ಮುಂದೆ ಬಂದು ಹೊಸಬರಿಗಾಗಿ ನಿಯಮಗಳನ್ನು ತಿದ್ದಿ ಬರೆದರು. ಅದು 1977ರಲ್ಲಿ ಅಚ್ಚಾಯಿತು. 1983ರಲ್ಲಿ ಫ್ರಾಂಕ್ ಮೆಂಟ್ಜರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಪುಸ್ತಕ ನಿಯಮದಿಂದಲ್ಲ, ಕಥೆಯಿಂದಲೇ ಶುರುವಾಗುತ್ತದೆ. ಓದುವವನೇ ವೀರ, ಗುಹೆಗೆ ಹೋಗುತ್ತಾನೆ, ಬೇಕಾದ ನಿಯಮ ಬೇಕಾದ ಜಾಗದಲ್ಲಿ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಇಂಥ ಪುಸ್ತಕಗಳಲ್ಲಿ ಇಂದಿಗೂ ಮಾದರಿ ಇದೇ.

ಇದು ಯಾಕೆ ಕೆಲಸ ಮಾಡುತ್ತದೆ? ನಮ್ಮ ತಲೆ ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳುವ ಹೊಸ ಸಂಗತಿಗಳು ಕೆಲವೇ. ಆ ಹೊರೆ ಹೆಚ್ಚಾದರೆ ಕಲಿಕೆ ನಿಲ್ಲುತ್ತದೆ. ಬಿಡಿಸಿ ತೋರಿಸಿದ ಒಂದು ಉದಾಹರಣೆ ಹೊಸಬರಿಗೆ ಆ ಹೊರೆಯನ್ನು ಇಳಿಸುತ್ತದೆ ಎಂದು ಜಾನ್ ಸ್ವೆಲ್ಲರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ತೋರಿಸಿದರು. ಈ ಆಟದ 2014ರ ಆವೃತ್ತಿಯ ಮೂರು ಮುಖ್ಯ ಪುಸ್ತಕಗಳನ್ನು ಸೇರಿಸಿದರೆ ಸುಮಾರು 1,000 ಪುಟ. ಅದರಿಂದಲೇ ಶುರು ಮಾಡು ಎಂದರೆ, ಈಜು ಕಲಿಯಲು ಬಂದವನನ್ನು ಕೃಷ್ಣೆಯ ಮಹಾಪೂರಕ್ಕೆ ತಳ್ಳಿದ ಹಾಗೆ.

ಈಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಬನ್ನಿ. ಕನ್ನಡ, ಮರಾಠಿ ಎರಡೂ ಮಾಧ್ಯಮದ ಶಾಲೆಗಳಿರುವ ಗಡಿ ಸೀಮೆ ಇದು. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು. ಇಲ್ಲಿನ ಎಂಟನೇ ತರಗತಿಯ ಹುಡುಗಿಗೆ ಇಂಗ್ಲಿಷ್ ನಿಯಮಪುಸ್ತಕ ಎರಡು ಪಟ್ಟು ಹೊರೆ: ಭಾಷೆಯದೊಂದು, ಕೋಟೆ ಕಂದಕ ಡ್ರ್ಯಾಗನ್‌ಗಳ ಅಪರಿಚಿತ ಲೋಕದ್ದೊಂದು. ಆದರೆ ಆಟದ ಮೂಲ ಅವಳಿಗೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಭಾಗವತ ಪಾತ್ರಗಳನ್ನು ಮಾತಿಗೆಳೆಯುವುದೂ, ಮಾತು ರಂಗದ ಮೇಲೆಯೇ ಬೆಳೆಯುವುದೂ ಗೊತ್ತು. ವ್ಯತ್ಯಾಸ ಇಷ್ಟೇ, ಪಾರಿಜಾತದಲ್ಲಿ ಕಥೆ ಎಲ್ಲಿಗೆ ಮುಟ್ಟುತ್ತದೆ ಎಂದು ಎಲ್ಲರಿಗೂ ತಿಳಿದಿರುತ್ತದೆ, ಇಲ್ಲಿ ಭಾಗವತನಿಗೂ ತಿಳಿದಿರುವುದಿಲ್ಲ.

ಮೆಂಟ್ಜರ್ ಮಾಡಿದ್ದನ್ನು ಇಲ್ಲಿಗೆ ತಂದರೆ ಮೊದಲ ಪುಟ ಹೀಗಿರಬಹುದು:

"ದೂಧಗಂಗಾ ತುಂಬಿ ಹರ್ಯಾಕತ್ತಾಳ. ಬಾಂದಾರದ ಮ್ಯಾಲ ಮೊಣಕಾಲ ಮಟ ನೀರ ಬಂದೈತಿ. ನಿಮ್ಮ ಎಮ್ಮಿ ಆಚಿ ದಂಡಿ ಮ್ಯಾಲ ಐತಿ. ಏನ್ ಮಾಡ್ತಿ?"

"ಅಕ್ಕಾ, ನಾ ಹಗ್ಗಾ ಕಟ್ಕೊಂಡ ದಾಟ್ತೀನಿ."

"ಈಚಿ ಕಡೆ ಹಗ್ಗಾ ಯಾರ್ ಹಿಡೀತಾರ?"

"ಕಾಕಾ ಹಿಡೀತಾನ."

"ಹಂಗಾರ ಕವಡಿ ಹಾಕ."

ನಿಯಮದ ಹೆಸರೇ ಎತ್ತದೆ ಆಟದ ಮುಕ್ಕಾಲು ಪಾಲು ಹೇಳಿಯಾಯಿತು. (ನಿಜವಾದ ಬಾಂದಾರದ ಮೇಲೆ ನೀರು ಬಂದಾಗ ಹಗ್ಗವಿದ್ದರೂ ದಾಟಬಾರದು. ಮೊಣಕಾಲು ಮಟ್ಟದ ರಭಸದ ನೀರು ದೊಡ್ಡವರನ್ನೂ ಕೆಡವುತ್ತದೆ.)

ಕವಡೆ ಎಂದದ್ದು ತಮಾಷೆಗಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ 20 ಮುಖಗಳ ದಾಳ ಬೇಕು, ಅದು ಊರ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಚೌಕಾಬಾರದ ನಾಲ್ಕು ಕವಡೆ ಮನೆಯಲ್ಲೇ ಇರುತ್ತವೆ. ಬಾಯಿ ಮೇಲಾಗಿ ಬಿದ್ದ ಕವಡೆ ಎಣಿಸುತ್ತೇವೆ, ನಾಲ್ಕೂ ಮೇಲಾದರೆ 4, ಒಂದೂ ಆಗದಿದ್ದರೆ 8. ಪ್ರತಿ ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ ಒಟ್ಟು 16 ಸಾಧ್ಯತೆಗಳು. ಅದರಲ್ಲಿ 2 ಬೀಳುವುದು 6 ಬಗೆಯಲ್ಲಿ, 1 ಮತ್ತು 3 ನಾಲ್ಕು ನಾಲ್ಕು ಬಗೆಯಲ್ಲಿ, 4 ಮತ್ತು 8 ಒಂದೊಂದೇ ಬಗೆಯಲ್ಲಿ. ಹಾಗಾಗಿ "2 ಅಥವಾ ಹೆಚ್ಚು ಬೀಳಬೇಕು" ಎಂದರೆ ಸುಲಭದ ಕೆಲಸ, ಗೆಲ್ಲುವ ಅವಕಾಶ ಶೇ. 75. "3 ಅಥವಾ ಹೆಚ್ಚು" ಎಂದರೆ ಕಷ್ಟದ್ದು, ಶೇ. 37.5. 20 ಮುಖದ ದಾಳದಲ್ಲಿ ಪ್ರತಿ ಸಂಖ್ಯೆಗೂ ಒಂದೇ ಅವಕಾಶ, ಶೇ. 5. ಕವಡೆಯಲ್ಲಿ 4 ಮತ್ತು 8 ಅಪರೂಪ, ಅದಕ್ಕೇ ಬಿದ್ದಾಗ ಕೂಗು ಏಳುತ್ತದೆ. ನಿಜವಾದ ಕವಡೆಯ ಎರಡು ಬದಿ ಒಂದೇ ಆಕಾರದವಲ್ಲ, ಆದ್ದರಿಂದ ಅದು ಸಮನಾಗಿ ಬೀಳಲೇಬೇಕೆಂದಿಲ್ಲ. ನಿಮ್ಮ ಕವಡೆಯನ್ನು ನೂರು ಸಲ ಎಸೆದು ಬರೆದಿಡಿ, ಗೊತ್ತಾಗುತ್ತದೆ.

ಇನ್ನು ತಲೆ ಕೆಡುವ ಮಾತು. 1979ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಈ ಆಟವೇ ಕಾರಣ ಎಂಬ ಊಹೆ ಪತ್ರಿಕೆಗಳಲ್ಲಿ ಹಬ್ಬಿತು. ಹುಡುಗ ಖಿನ್ನತೆಯಿಂದ ನರಳುತ್ತಿದ್ದ, ಕಾಣೆಯಾದದ್ದಕ್ಕೆ ಆಟ ಕಾರಣವಲ್ಲ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಭಯ ಬೇರೂರಿತ್ತು. ಆಟದಿಂದ ಆತ್ಮಹತ್ಯೆಗಳಾಗುತ್ತಿವೆ ಎಂದು 1980ರ ದಶಕದಲ್ಲಿ ಸಂಘಟನೆಯೊಂದು ಪ್ರಚಾರ ಮಾಡಿತು. ಲೇಖಕ ಮೈಕೆಲ್ ಸ್ಟ್ಯಾಕ್‌ಪೋಲ್ 1990ರಲ್ಲಿ ಆ ವಾದವನ್ನು ಬಿಡಿಸಿ ನೋಡಿದರು. ಲಕ್ಷಾಂತರ ಹದಿಹರೆಯದವರು ಆಡುವ ಆಟ ಅದು. ಅಷ್ಟು ದೊಡ್ಡ ಗುಂಪಿನಲ್ಲಿ ಆಟವಿಲ್ಲದಿದ್ದರೂ ಒಂದಿಷ್ಟು ಸಾವುಗಳು ಆಗುತ್ತವೆ. ಪ್ರಚಾರಕರು ಎಣಿಸಿದ ಸಾವುಗಳು ಆ ಸಂಖ್ಯೆಗಿಂತಲೂ ಕಡಿಮೆಯಿದ್ದವು. ಮಗು ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ದಾಳ ಕಸಿದುಕೊಳ್ಳುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಕನ್ನಡಕ್ಕೆ ತರಲು ಕಾನೂನಿನ ಅಡ್ಡಿ ಇದೆಯೇ? 2023ರ ಜನವರಿಯಲ್ಲಿ ಈ ಆಟದ ಮೂಲ ನಿಯಮಗಳ ಕಡತವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡಲಾಗಿದೆ. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಿಸಿ ಮಾರಲೂಬಹುದು. ಆ ಕಡತದಲ್ಲಿಲ್ಲದ ಕಥೆ, ಚಿತ್ರಗಳಿಗೆ ಮತ್ತು ಆಟದ ಲಾಂಛನಕ್ಕೆ ಈ ಅನುಮತಿ ಇಲ್ಲ. ಅವುಗಳ ಬದಲು ದೂಧಗಂಗೆ, ಬಾಂದಾರ, ಎಮ್ಮೆ ಇದ್ದೇ ಇವೆ.